ನಾವೇ ಬರೆದ ಸುಳ್ಳಿನ ಬೆನ್ನು ಹತ್ತಿ

ಬಾಕಿ ಉಳಿದ ಮನೆಯನ್ನು ಮರುದಿನಕ್ಕೆ ತಳ್ಳುವುದು ನನ್ನಿಂದ ಆಗದ ಕೆಲಸ. ಆಸ್ಪತ್ರೆಯ ವಾರ್ಡುಗಳಲ್ಲಿ ನರ್ಸಾಗಿ ಆಯುಷ್ಯ ಕಳೆದವಳಿಗೆ, ಡ್ಯೂಟಿ ಬಿಡುವ ಮುನ್ನ ಎಲ್ಲ ಹಾಸಿಗೆಗಳನ್ನೂ ಒಮ್ಮೆ ನೋಡಿ ಬರುವ ರೂಢಿ ನಿವೃತ್ತಿಯ ನಂತರವೂ ಬಿಟ್ಟುಹೋಗುವುದಿಲ್ಲ. ಆ ಸಂಜೆ ಜೊತೆಯ ಹುಡುಗಿಯರು ದಿನದ ಸಮೀಕ್ಷೆ ಮುಗಿಸಿ ಕಾಂದಿವಲಿ ಸ್ಟೇಷನ್ನಿನ ಕಡೆ ನಡೆದ ಮೇಲೆ ನಾನೊಬ್ಬಳೇ ಚಾಳಿನ ಮಹಡಿ ಹತ್ತಿದ್ದು ಅದಕ್ಕೇ. ಮೊದಲ ಸುತ್ತಿನಲ್ಲಿ ಅಲ್ಲಿಯ ಮೂಲೆ ಖೋಲಿಗೆ ಬೀಗ ಹಾಕಿತ್ತು. ಮನೆಯವರು ಆಸ್ಪತ್ರೆಯಲ್ಲಿದ್ದಾರೆ ಎಂದು ಪಕ್ಕದವರು ಹೇಳಿದ್ದರು.

ಈಗ ಬಾಗಿಲು ತೆರೆದಿತ್ತು. ಬೇಸಿಗೆಯ ಸೆಕೆ, ಆದರೂ ಒಳಗೆ ಫ್ಯಾನ್ ತಿರುಗುತ್ತಿರಲಿಲ್ಲ. ಫ್ರಿಜ್ಜಿನ ಬಾಗಿಲು ಅಗಲವಾಗಿ ತೆರೆದಿತ್ತು. ಒಳಗೆಲ್ಲ ಒರೆಸಿ ಒಣಗಲು ಬಿಟ್ಟಿದ್ದರು. ಹೊಸ್ತಿಲ ಹತ್ತಿರ ಗಾಳಿಯಾಡುವ ಜಾಗದಲ್ಲಿ ಮನೆಯ ಯಜಮಾನರು ಎರಡೂ ಕೈಗಳನ್ನು ಮೊಣಕಾಲಿನ ಮೇಲೆ ಊರಿ, ಮುಂದಕ್ಕೆ ಬಾಗಿ ಕೂತಿದ್ದರು. ಆ ಭಂಗಿ ನನಗೆ ಹೊಸದಲ್ಲ. ತುಟಿಯ ಬಣ್ಣ ನೋಡಿದೆ. ಉಗುರು ನೋಡಿದೆ. ಮೂಲೆಯಲ್ಲಿ ಆಕ್ಸಿಜನ್ ಮಷಿನ್ ಇತ್ತು. ಅದರ ಮೇಲೆ ಹೂವಿನ ಚಿತ್ರದ ಬಟ್ಟೆ ಹೊದಿಸಿತ್ತು.

ನಾನು ಯಾರೆಂದು ಹೇಳುವ ಮೊದಲೇ ಮಷಿನ್ ಯಾಕೆ ಬಂದ್ ಇದೆ ಎಂದು ಕೇಳಿದೆ. ಅವರ ಹೆಂಡತಿ, ಬೆಳಗಾವಿ ಕಡೆಯ ಮಾತಿನ ಗಟ್ಟಿ ಹೆಂಗಸು, ಸೆರಗಿನಿಂದ ಗಂಡನಿಗೆ ಗಾಳಿ ಹಾಕುವುದನ್ನು ನಿಲ್ಲಿಸದೆ ಉತ್ತರ ಕೊಟ್ಟಳು.

“ಸಂಜೀಮುಂದ ಹಚ್ಚಂಗಿಲ್ರಿ. ಹೆಚ್ಚು ಕರೆಂಟ್ ತಗೊಂಡ್ರ ಹೊಸ ಮೀಟರ್ ತಾನ ಲೈನ್ ಕಟ್ ಮಾಡ್ತದಂತ. ಒಮ್ಮೆ ಕಟ್ ಆದ್ರ ರಾತ್ರಿ ಪೂರಾ ಇವರಿಗೆ ಮಷಿನ್ ಇಲ್ದಂಗ ಆಗ್ತದ. ಅದಕ್ಕ ಒಂದೆರಡು ತಾಸು ತಡಕೋರಿ ಅಂತ ನಾನ ಹೇಳೇನಿ.”

ಇಂಥ ಹೊತ್ತಿನಲ್ಲಿ ನಾನು ಚರ್ಚೆ ಮಾಡುವವಳಲ್ಲ. ಬಟ್ಟೆ ತೆಗೆದೆ, ಸ್ವಿಚ್ ಹಾಕಿದೆ, ನಳಿಕೆಯನ್ನು ಮೂಗಿಗೆ ಸೇರಿಸಿದೆ, ಗಾಳಿಯ ಅಳತೆಯ ಕೊಳವೆಯಲ್ಲಿ ವೈದ್ಯರು ಗುರುತು ಮಾಡಿದ್ದ ಗೆರೆಗೆ ಒಳಗಿನ ಗುಂಡು ಏರಿದೆಯೇ ಎಂದು ನೋಡಿಕೊಂಡೆ. ಲೈನ್ ಹೋದರೆ ನೀವು ಹೊಣೆಯೇ ಎಂದು ಆಕೆ ಗದರಿದಳು. ಹೌದು, ನಾನೇ ಹೊಣೆ ಎಂದೆ. ಈ ಮಷಿನ್ನು ಇಸ್ತ್ರಿ ಪೆಟ್ಟಿಗೆಯಷ್ಟೂ ಕರೆಂಟ್ ತಿನ್ನುವುದಿಲ್ಲ ಎಂದು ಹೇಳಿದೆ. ಆಕೆ ನಂಬಲಿಲ್ಲ. ಫೋನ್ ತೆಗೆದು ನನ್ನ ಮುಖದ ಮುಂದೆ ಹಿಡಿದಳು. ದಹಿಸರ್‌ನಲ್ಲಿರುವ ನಾದಿನಿ ಕಳಿಸಿದ್ದಂತೆ.

ಹಿಂದಿಯಲ್ಲಿದ್ದ ಆ ಸಂದೇಶವನ್ನು ನಾನು ಓದುವ ಅಗತ್ಯ ಬೀಳಲಿಲ್ಲ. ಅದು ಪರದೆಯೊಂದರ ಫೋಟೊ; ಚಿತ್ರದ ಎಡ ಅಂಚಿನಲ್ಲಿ ಟ್ಯಾಬ್ಲೆಟ್ಟಿನ ಕಪ್ಪು ಚೌಕಟ್ಟು ಸ್ವಲ್ಪ ಕಾಣುತ್ತಿತ್ತು. ಅದರ ಮೇಲೆ ಹಸಿರು ಸ್ಟಿಕ್ಕರ್. ಯಾರ ಉಪಕರಣ ಯಾರದು ಎಂದು ಗೊತ್ತಾಗಲೆಂದು ನಮ್ಮ ತಂಡದ ಟ್ಯಾಬ್ಲೆಟ್ಟುಗಳಿಗೆ ಬಣ್ಣದ ಸ್ಟಿಕ್ಕರ್ ಅಂಟಿಸಿದವಳು ನಾನೇ. ಆ ಸುಳ್ಳು ನಮ್ಮದಾಗಿತ್ತು.

ನಮ್ಮ ಅಧ್ಯಯನದ ಬಗ್ಗೆ ಇಲ್ಲಿ ಹೇಳಬೇಕು. ಉಪನಗರಗಳಲ್ಲಿ ಹೊಸ ಬಗೆಯ ವಿದ್ಯುತ್ ಮೀಟರ್ ಹಾಕುವ ಕೆಲಸ ನಡೆದಿತ್ತು. ಸಂಜೆ ಎಲ್ಲರೂ ಒಟ್ಟಿಗೆ ಬಳಸುವ ಕರೆಂಟಿನ ಹೊರೆಯನ್ನು ದಿನದ ಬೇರೆ ಹೊತ್ತಿಗೆ ಹಂಚಬೇಕು, ಕಲ್ಲಿದ್ದಲು ಸುಡುವುದು ಕಡಿಮೆಯಾಗಬೇಕು ಎಂಬುದು ಆ ನೀತಿಯ ಆಶಯ. ಆದರೆ ನೀತಿ ಮನೆ ತಲುಪುವ ಮೊದಲೇ ಅದರ ಬಗ್ಗೆ ಹತ್ತಾರು ಫಾರ್ವರ್ಡ್‌ಗಳು ಫೋನಿಗೆ ಬಂದಿರುತ್ತವೆ. ಜನ ಯಾವುದನ್ನು ನಂಬುತ್ತಾರೆ, ಏಕೆ ನಂಬುತ್ತಾರೆ, ನಂಬಿ ಮನೆಯಲ್ಲಿ ಏನು ಬದಲಿಸುತ್ತಾರೆ ಎಂದು ತಿಳಿಯುವುದು ನಮ್ಮ ಕೆಲಸ. ಅದಕ್ಕಾಗಿ ಕೆಲವು ನಿಜವಾದ, ಕೆಲವು ನಾವೇ ಕಟ್ಟಿದ ಸಂದೇಶಗಳನ್ನು ತೋರಿಸುತ್ತಿದ್ದೆವು. ಉತ್ತರ ಬರೆದುಕೊಂಡ ಮೇಲೆ, ಮನೆ ಬಿಡುವ ಮೊದಲು, ಯಾವುದು ಸುಳ್ಳು ಎಂದು ಒಂದೊಂದಾಗಿ ಹೇಳಿಯೇ ಹೊರಡಬೇಕು ಎಂಬುದು ನಿಯಮ. ಆರಂಭದಲ್ಲಿ ಸಂದೇಶಗಳನ್ನು ಕಾರ್ಡಿನ ಮೇಲೆ ಮುದ್ರಿಸಿದ್ದೆವು, ಬೆನ್ನಿಗೆ ‘ಅಧ್ಯಯನಕ್ಕಾಗಿ ಮಾತ್ರ’ ಎಂಬ ಮುದ್ರೆ. ವಾಟ್ಸ್ಯಾಪ್ ಎಂದಾದರೂ ಕಾಗದದ ಮೇಲೆ ಬರುತ್ತದೆಯೇ ಎಂದು ಜನ ನಕ್ಕರು. ಆಮೇಲೆ ಟ್ಯಾಬ್ಲೆಟ್ಟಿನಲ್ಲಿ ತೋರಿಸತೊಡಗಿದೆವು. ಟ್ಯಾಬ್ಲೆಟ್ಟಿನ ಪರದೆಗೆ ಬೆನ್ನಿಲ್ಲ. ಮುದ್ರೆ ಎಲ್ಲಿರಬೇಕೆಂದು ತಂಡದಲ್ಲಿ ಯಾರಿಗೂ ಹೊಳೆಯಲಿಲ್ಲ.

ಈ ಅಧ್ಯಯನವನ್ನು ನಡೆಸುತ್ತಿದ್ದ ಸಂಶೋಧಕಿ ನನ್ನ ಅರ್ಧ ವಯಸ್ಸಿನವಳು. ಮನೆಯವರು ಧಾರವಾಡದ ಕಡೆಯವರಾದರೂ ಹುಟ್ಟಿ ಬೆಳೆದದ್ದೆಲ್ಲ ಇಲ್ಲಿಯೇ. ಕನ್ನಡ ಅರ್ಥವಾಗುತ್ತದೆ, ಆಡುವಾಗ ತಡವರಿಸಿ ಹಿಂದಿಗೆ ಜಾರುತ್ತಾಳೆ. ದಾದರ್‌ನ ಒಂದು ಸಂಸ್ಥೆಯಲ್ಲಿ ತಾತ್ಕಾಲಿಕ ಹುದ್ದೆ. ಈ ವರದಿ ಹೊತ್ತಿಗೆ ಸರಿಯಾಗಿ ಮುಗಿದರೆ ಹುದ್ದೆ ಮುಂದುವರಿಯುತ್ತದೆ, ಇಲ್ಲವಾದರೆ ಇಲ್ಲ. ಅದು ನಮಗೆಲ್ಲ ಗೊತ್ತಿತ್ತು. ಮಳೆಗಾಲಕ್ಕೆ ಮುಂಚೆ ಮನೆಮನೆಯ ಕೆಲಸ ಮುಗಿಸಬೇಕೆಂದು ನಾವು ಓಡುತ್ತಿದ್ದದ್ದು ಅದಕ್ಕಾಗಿ.

ಚಾಳಿನ ಗ್ಯಾಲರಿಯಲ್ಲಿ ನಿಂತು ಆಕೆಗೆ ಫೋನ್ ಮಾಡಿದೆ. ವಿಷಯವನ್ನು ಮೂರು ವಾಕ್ಯದಲ್ಲಿ ಹೇಳಿದೆ. ಆ ಕಡೆಯಿಂದ ಬಂದ ಮೊದಲ ಪ್ರಶ್ನೆ, ಅಂಕಲ್ ಈಗ ಹೇಗಿದ್ದಾರೆ ಎಂದು. ತುಟಿಯ ಬಣ್ಣ ಮರಳಿದೆ ಎಂದೆ. ಎರಡನೆಯದು, ನೀವು ಅಲ್ಲೇ ಇರುತ್ತೀರಾ ಸಿಸ್ಟರ್ ಎಂದು. ಚಿತ್ರ ನಮ್ಮದು ಎಂಬುದು ಖಚಿತವೇ, ಬೇರೆ ಯಾರಿಗಾದರೂ ಗೊತ್ತಾಗಿದೆಯೇ ಎಂದು ಆಕೆ ಕೇಳಲಿಲ್ಲ. ಅಪಘಾತದ ಸುದ್ದಿ ಬಂದಾಗ ಮೊದಲು ತಮ್ಮ ಹೆಸರು ಎಲ್ಲಿದೆ ಎಂದು ಹುಡುಕುವ ಹಿರಿಯರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಸಂಜೆಯ ಗರ್ದಿಯ ಲೋಕಲ್ ರೈಲಿನಲ್ಲಿ ದಾದರ್‌ನಿಂದ ನಿಂತೇ ಬಂದ ಸಂಶೋಧಕಿ ಬೆವರು ಒರೆಸಿಕೊಳ್ಳುತ್ತ ಮೂಲೆ ಮನೆಯಾಕೆಯ ಎದುರು ನೆಲದ ಮೇಲೆ ಕೂತಳು. ಕನ್ನಡದಲ್ಲಿ ನಾನು ಹೇಳಿಕೊಡುತ್ತೇನೆ ಎಂದೆ. ತಲೆಯಾಡಿಸಿ ಬೇಡವೆಂದಳು.

“ಮಾವಶಿ, ಈ ಮೆಸೇಜ್ ಕಂಪನಿ ಬರ್ದಿಲ್ಲ. ನಾನು ಬರ್ದೆ. ಸುಳ್ಳು ಇದೆ. ಜನ ಸುಳ್ಳು ಹೇಗೆ ಪೆಹಚಾನ್... ಹೇಗೆ ಗುರುತು ಮಾಡ್ತಾರೆ ನೋಡ್ಲಿಕ್ಕೆ ಬರ್ದೆ. ಅದು ಹೊರಗೆ ಹೋಯ್ತು.”

ಮನೆಯಾಕೆ ಒಂದು ಕ್ಷಣ ನನ್ನ ಮುಖ ನೋಡಿದಳು, ಆಮೇಲೆ ಆಕೆಯ ಮುಖ.

“ನಮ್ಮನಿಯವ್ರು ದಿನಾ ಸಂಜೀಮುಂದ ಉಸಿರು ಹಿಡ್ಕೊಂಡು ಕುಂತದ್ದು ನಿಮ್ಮ ಪರೀಕ್ಷಾದ ಸಲುವಾಗಿ ಏನ್ರಿ ಮೇಡಮ್ಮಾ?”

“ಹೌದು,” ಎಂದಳು ಸಂಶೋಧಕಿ.

ಮನೆಯಾಕೆ ಎದ್ದು ಬಾಗಿಲ ಪಕ್ಕಕ್ಕೆ ಸರಿದು ನಿಂತಳು; ಹೊರಡಿ ಎಂದು ಬಾಯಿಬಿಟ್ಟು ಹೇಳುವ ಅಗತ್ಯವಿರಲಿಲ್ಲ. ಮೆಟ್ಟಿಲಿಳಿಯುವ ಮೊದಲು ಸಂಶೋಧಕಿ, ಮಷಿನ್ ಮಾತ್ರ ಬಂದ್ ಮಾಡಬೇಡಿ ಎಂದಷ್ಟೇ ಕೇಳಿಕೊಂಡಳು. ಆಸ್ಪತ್ರೆಯ ವೈದ್ಯರಿಗೆ ನಾನು ಅಲ್ಲಿಂದಲೇ ಫೋನ್ ಮಾಡಿ ಮರುದಿನ ಬೆಳಿಗ್ಗೆ ತಪಾಸಣೆಗೆ ಹೊತ್ತು ಗೊತ್ತುಮಾಡಿದೆ.

ಮರುದಿನ ದಾದರ್‌ನ ಕಚೇರಿಯಲ್ಲಿ ಯೋಜನೆಯ ಹಿರಿಯ ಪ್ರಾಧ್ಯಾಪಕರು ಸಭೆ ಕರೆದರು. ಶಾಂತ ಸ್ವಭಾವದವರು. ಅವರ ವಾದದಲ್ಲಿ ತಪ್ಪು ಹುಡುಕುವುದು ಕಷ್ಟವಿತ್ತು. ಕ್ರಮದ ಪ್ರಕಾರ ಪ್ರತಿ ಮನೆಯಲ್ಲೂ ಸುಳ್ಳನ್ನು ಸುಳ್ಳೆಂದು ಹೇಳಿಯೇ ಬಂದಿದ್ದೇವೆ. ಪರದೆಯ ಫೋಟೊ ತೆಗೆದದ್ದು ಉತ್ತರ ಕೊಟ್ಟವರು. ಆ ಒಂದು ಸಂದೇಶವನ್ನು ಕೈಬಿಟ್ಟು, ತಿದ್ದುಪಡಿ ಕಳಿಸಿ, ಕೆಲಸ ಮುಂದುವರಿಸೋಣ. ಸಂಶೋಧನೆಗಳಿಗೆ ಅನುಮತಿ ಕೊಡುವ ನೈತಿಕತೆಯ ಸಮಿತಿಗೆ ವರ್ಷದ ಕೊನೆಯ ವರದಿಯಲ್ಲಿ ಒಂದು ಸಾಲು ಬರೆದರೆ ಸಾಕು. ನಾನೂ ನನ್ನ ಅಭಿಪ್ರಾಯ ಹೇಳಿದೆ: ಸಂಸ್ಥೆಯ ಕಾಗದದ ಮೇಲೆ, ಸಹಿ ಸಿಕ್ಕಾ ಹಾಕಿ, ಚಾಳಿನ ಗೋಡೆಗೆ ನೋಟಿಸು ಅಂಟಿಸಬೇಕು.

ಸಂಶೋಧಕಿ ಇಬ್ಬರ ಮಾತನ್ನೂ ಕೇಳಿದಳು. ತಿದ್ದುಪಡಿಗೆ ಒಪ್ಪಿದಳು, ನೋಟಿಸಿಗೂ ಒಪ್ಪಿದಳು. ಆದರೆ ಇವತ್ತಿನಿಂದ ಎಲ್ಲ ಕಡೆ ಸಮೀಕ್ಷೆ ನಿಲ್ಲಿಸುತ್ತೇನೆ, ಸಮಿತಿಗೆ ಇವತ್ತೇ ಬರೆಯುತ್ತೇನೆ ಎಂದಳು. ಹಾಗೆ ಮಾಡಿದರೆ ಮಳೆಗಾಲಕ್ಕೆ ಮುಂಚೆ ಮುಗಿಯುವುದಿಲ್ಲ, ನಿನಗೆ ಗೊತ್ತಲ್ಲ ಎಂದು ಪ್ರಾಧ್ಯಾಪಕರು ಕೇಳಿದರು. ಬೆದರಿಕೆಯಲ್ಲ, ಕಳಕಳಿಯೇ. ಗೊತ್ತು ಸರ್ ಎಂದಳು. ಮಧ್ಯಾಹ್ನದೊಳಗೆ ಸಮಿತಿಗೆ ಪತ್ರ ಹೋಯಿತು. ನಾನು ಓದಿ ನೋಡಿದೆ. ‘ಆಯಿತು’, ‘ಸಂಭವಿಸಿತು’ ಎಂಬ ಕರ್ತೃವಿಲ್ಲದ ಕ್ರಿಯಾಪದಗಳಿಲ್ಲದ ಅಂಥ ಪತ್ರವನ್ನು ಸರ್ಕಾರಿ ನೌಕರಿಯಲ್ಲಿ ಇಡೀ ಬದುಕು ಕಳೆದ ನಾನು ಓದಿದ್ದು ಅದೇ ಮೊದಲು.

ತಿದ್ದುಪಡಿಯ ಕತೆ ಕೆಟ್ಟದಾಯಿತು. ನಮ್ಮ ತಂಡದ ಒಬ್ಬರು ಸುಳ್ಳು ಸಂದೇಶದ ಚಿತ್ರದ ಮೇಲೆ ದಪ್ಪ ಕೆಂಪು ಗೆರೆಯಲ್ಲಿ ಕತ್ತರಿ ಗುರುತು ಹಾಕಿ, ಕೆಳಗೆ ‘ಇದು ಸುಳ್ಳು’ ಎಂದು ಮೂರು ಭಾಷೆಗಳಲ್ಲಿ ಬರೆದಿದ್ದರು. ಚಾಳಿನ ವಾಟ್ಸ್ಯಾಪ್ ಗುಂಪಿಗೂ ನಾದಿನಿಯಿರುವ ದಹಿಸರ್‌ನ ಬಿಲ್ಡಿಂಗಿನ ಗುಂಪಿಗೂ ಅದು ಹೋಯಿತು. ಕೆಂಪು ಕಂಡರೆ ಜನ ಎಚ್ಚರಿಕೆ ಎಂದುಕೊಳ್ಳುತ್ತಾರೆ. ಕೆಳಗಿನ ಸಣ್ಣ ಅಕ್ಷರ ಓದದೆ, ಕೆಂಪು ಗುರುತಿನ ಚಿತ್ರವನ್ನು ಇನ್ನಷ್ಟು ವೇಗವಾಗಿ ಮುಂದಕ್ಕೆ ಕಳಿಸಿದರು. ಕೆಲವರ ಕೈಯಲ್ಲಿ ಕೆಳಗಿನ ಸಾಲೇ ಕತ್ತರಿಸಿಹೋಯಿತು. ನನ್ನ ನೋಟಿಸಿನ ಗತಿಯೂ ಚೆನ್ನಾಗಿರಲಿಲ್ಲ. ಸಿಕ್ಕಾ ಹಾಕಿ ಇಷ್ಟು ಗಟ್ಟಿಯಾಗಿ ಇಲ್ಲ ಎನ್ನುತ್ತಾರೆಂದರೆ ಏನೋ ಇರಲೇಬೇಕು ಎಂದು ನಲ್ಲಿಯ ಹತ್ತಿರ ಮಾತಾಯಿತಂತೆ. ಇವರು ಮೀಟರ್ ಕಂಪನಿಯ ಮಂದಿ ಎಂಬ ಹೊಸ ಮಾತೂ ಹುಟ್ಟಿತು. ಚಾಳಿನ ಕಮಿಟಿಯ ಸೆಕ್ರೆಟರಿ ಮರಾಠಿಯಲ್ಲಿ, ಬಹಳ ಸಭ್ಯವಾಗಿ, ಇನ್ನು ಮುಂದೆ ಗೇಟಿನ ಒಳಗೆ ಬರಬೇಡಿ ಎಂದು ನಮಗೆ ತಿಳಿಸಿದರು.

ಆ ದಿನ ಸಂಶೋಧಕಿ ನನ್ನನ್ನು ಕಚೇರಿಯ ಕಿಟಕಿಯ ಬಳಿಗೆ ಕರೆದು, “ಸಿಸ್ಟರ್, ಇನ್ಫೆಕ್ಷನ್ ಎಲ್ಲಿಂದ ಬಂತು ಅಂತ ಆಸ್ಪತ್ರೆಯಲ್ಲಿ ಹೇಗೆ ಹುಡುಕ್ತಿದ್ರಿ?” ಎಂದು ಕೇಳಿದಳು. ಒಬ್ಬೊಬ್ಬ ರೋಗಿಯಿಂದ ಹಿಂದಕ್ಕೆ ಹೋಗುತ್ತಿದ್ದೆವು, ಯಾರ ಕೈ ಯಾರನ್ನು ಮುಟ್ಟಿತು ಎಂದು ಕೇಳುತ್ತ ಎಂದೆ. ಹಾಗೇ ಮಾಡೋಣ ಎಂದಳು. ಚಿತ್ರ ಬೇಡ, ನೋಟಿಸು ಬೇಡ. ಸಂದೇಶ ಯಾರ ಕೈ ದಾಟಿ ಹೋಗಿದೆಯೋ ಅವರ ಮನೆಗೆ ಹೋಗಿ, ನಾವೇ ಬರೆದದ್ದೆಂದು ಹೇಳಿ, ಅವರು ಯಾರಿಗೆ ಕಳಿಸಿದರೋ ಅವರಿಗೆ ಅವರ ದನಿಯಲ್ಲೇ ಹೇಳಿಸುವುದು. ಎಷ್ಟು ದಿನ ಹಿಡಿಯುತ್ತದೆ ಎಂದು ಪ್ರಾಧ್ಯಾಪಕರು ಕೇಳಿದಾಗ ಗೊತ್ತಿಲ್ಲ ಎಂದಳು. ನನಗೆ ಆ ಕ್ರಮ ಇಷ್ಟವಾಯಿತು. ಅದಕ್ಕೆ ಆರಂಭ ಎಲ್ಲಿ, ಅಂತ್ಯ ಎಲ್ಲಿ ಎಂಬುದು ಸ್ಪಷ್ಟವಿತ್ತು.

ಮೂಲೆ ಮನೆಯಾಕೆಯ ನಾದಿನಿಯಿಂದ ಶುರುಮಾಡಿದೆವು. ದಹಿಸರ್‌ನ ಬಿಲ್ಡಿಂಗಿನಲ್ಲಿ ಆಕೆ ನಮ್ಮನ್ನು ಬಾಗಿಲ ಜಾಲರಿಯ ಆಚೆಯಿಂದಲೇ ವಿಚಾರಿಸಿದಳು. ಅಣ್ಣನ ಉಸಿರಿನ ಸುದ್ದಿ ಕೇಳಿ ಅಲ್ಲಿಯೇ ಕುಸಿದು ಕೂತಳು. ಒಳ್ಳೆಯದಾಗಲಿ ಎಂದು ಕಳಿಸಿದ್ದೆ ಎಂದು ಅತ್ತಳು. ಸಂಶೋಧಕಿ ಜಾಲರಿಯ ಈ ಕಡೆ ತಾನೂ ನೆಲಕ್ಕೆ ಕೂತು, ಕಳಿಸಿದ್ದು ನಿಮ್ಮ ತಪ್ಪಲ್ಲ, ಬರೆದದ್ದು ನನ್ನ ತಪ್ಪು ಎಂದು ಸಮಾಧಾನ ಹೇಳಿದಳು. ಆಕೆಗೆ ಅದು ಬಂದದ್ದು ಬಿಲ್ಡಿಂಗಿನ ಗುಂಪಿನಿಂದ. ಗುಂಪಿಗೆ ಅದನ್ನು ಹಾಕಿದ್ದು ಕೆಳಗಿನ ಬಲ್ಬು, ವಾಯರಿನ ಅಂಗಡಿಯಾತ.

ಆ ಅಂಗಡಿಯಾತ ವಿಜಯಪುರದವನು. ಮನೆಯಲ್ಲಿ ದಖ್ಖನಿ, ನಮ್ಮೊಂದಿಗೆ ಅಚ್ಚ ಕನ್ನಡ. ನಾವು ವಿಷಯ ಹೇಳಿ ಮುಗಿಸಿದ ಮೇಲೆ ಖಾಲಿ ಕಪಾಟಿನ ಕಡೆ ಕೈ ತೋರಿಸಿದ.

“ನಿಮ್ಮ ಮೆಸೇಜಿನ ದೆಸಿಯಿಂದ ಎಮರ್ಜೆನ್ಸಿ ಲೈಟ್ ಒಂದೂ ಉಳೀಲಿಲ್ರಿ. ಈಗ ಸುಳ್ಳು ಅಂತ ಹೇಳಿದ್ರ, ವ್ಯಾಪಾರಕ್ಕ ನಾನ ಹಬ್ಬಿಸಿದೆ ಅಂತಾರ ಮಂದಿ.”

ಅದು ನಿಜವಾದ ಭಯ. ಸಂಶೋಧಕಿ ಅದನ್ನು ಸಣ್ಣದು ಮಾಡಲಿಲ್ಲ. ನಿಮ್ಮ ಜೊತೆ ನಿಂತು ಮೊದಲು ನಾನು ಹೇಳುತ್ತೇನೆ, ಆಮೇಲೆ ನೀವು ಹೇಳಿ ಎಂದಳು. ಆತ ತನ್ನ ಫೋನಿನಲ್ಲಿ ಹಳೆಯ ಸಂದೇಶಗಳನ್ನು ಮೇಲಕ್ಕೆ ತಳ್ಳುತ್ತ ಹೋದ. ಚಿತ್ರ ಅವನಿಗೆ ಬಂದದ್ದು ಕಾಂದಿವಲಿಯಲ್ಲಿ ಎಸಿ ರಿಪೇರಿ ಮಾಡುವ ಅಣ್ಣನಿಂದ. ಚಿತ್ರದ ಕೆಳಗೆ ಅಣ್ಣ ಒಂದು ಸಾಲು ಬರೆದಿದ್ದ: ‘ಯೇ ಸಚ್ ಹೈ ಕ್ಯಾ ರೇ? ತೂ ಬಿಜ್ಲೀ ಕೇ ಧಂದೇ ಮೇ ಹೈ.’ ಇದು ನಿಜವೇನೋ, ಕರೆಂಟಿನ ವ್ಯಾಪಾರದಲ್ಲಿರುವವನು ನೀನು ಎಂದು. ತಮ್ಮನಿಗೂ ಗೊತ್ತಿರಲಿಲ್ಲ. ಅವನು ಬಿಲ್ಡಿಂಗಿನ ಗುಂಪಿಗೆ ಹಾಕಿ, ಯಾರಿಗಾದರೂ ಗೊತ್ತಿದ್ದರೆ ಹೇಳಿ ಎಂದು ಕೇಳಿದ್ದ. ಅಲ್ಲಿಂದ ಮುಂದೆ ಜನ ಚಿತ್ರವನ್ನು ಕಳಿಸಿದರು. ಕೇಳಿದ ಪ್ರಶ್ನೆ ಅಲ್ಲೇ ಉಳಿಯಿತು.

ಸಂಶೋಧಕಿ ಆ ಸಾಲನ್ನು ಎರಡು ಸಲ ಓದಿದಳು. ಫೋನನ್ನು ನನ್ನ ಕೈಗೆ ಕೊಟ್ಟಳು. ಇಷ್ಟು ದಿನದ ಅಧ್ಯಯನದಲ್ಲಿ ನಮಗೆ ಸಿಗದಿದ್ದದ್ದು ಅಲ್ಲಿತ್ತು. ಇಬ್ಬರೂ ಅಣ್ಣತಮ್ಮಂದಿರು ನಂಬಿ ಕಳಿಸಿರಲಿಲ್ಲ. ಅನುಮಾನಪಟ್ಟು, ತಿಳಿದವರನ್ನು ಕೇಳಿದ್ದರು. ನಾವು ಮನೆಮನೆಗೆ ಹೋಗಿ ಜನರಿಗೆ ಕಲಿಸಬೇಕೆಂದಿದ್ದ ಪಾಠವೇ ಅದು.

ಅಣ್ಣನ ಮನೆ ಇದ್ದದ್ದು ಅದೇ ಚಾಳಿನಲ್ಲಿ, ಆದರೆ ಅವನನ್ನು ಕಾಣಲು ನಾವು ಅದರೊಳಗೆ ಹೋಗುವಂತಿರಲಿಲ್ಲ. ಇಂಡಸ್ಟ್ರಿಯಲ್ ಎಸ್ಟೇಟಿನ ಗಲ್ಲಿಯಲ್ಲಿದ್ದ ಅವನ ಗಾಳಾಕ್ಕೆ, ಎಂದರೆ ರಿಪೇರಿಯ ಶೆಡ್ಡಿಗೆ, ಹೋದೆವು. ಬಿಚ್ಚಿಟ್ಟ ಎಸಿಯ ಪಂಖವನ್ನು ತೊಳೆಯುತ್ತಿದ್ದ ಆತ ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದ. ಮೊದಲ ಸುತ್ತಿನಲ್ಲಿ ಅವನ ಮನೆಯಲ್ಲಿ ನಾನೂ ಇದ್ದೆ. ನಮ್ಮ ಹುಡುಗಿ ಉತ್ತರ ಬರೆದುಕೊಳ್ಳುತ್ತಿದ್ದಾಗ, ಸುಳ್ಳೆಂದು ಹೇಳುವ ಘಟ್ಟ ಬರುವ ಮೊದಲೇ, ಫೋಟೊ ತೆಗೆದು ತಮ್ಮನಿಗೆ ಕಳಿಸಿದ್ದಾಗಿ ಮುಚ್ಚಿಡದೆ ಹೇಳಿದ. ಆಮೇಲೆ ಸುಳ್ಳೆಂದು ಗೊತ್ತಾದ ಮೇಲೆ ತಮ್ಮನಿಗೆ ತಿಳಿಸುವುದು ಕೆಲಸದ ಗಡಿಬಿಡಿಯಲ್ಲಿ ಮರೆತುಹೋಗಿತ್ತು.

“ಸಿಸ್ಟರ್, ಮೆಸೇಜ್ ಬಂದ ಕೂಡ್ಲೆ ನಂಬಬ್ಯಾಡ್ರಿ, ತಿಳಿದವ್ರನ್ನ ಕೇಳ್ರಿ ಅಂತ ನೀವ ಅಂದಿದ್ರಿ. ನಾ ಅದ್ರಕಿಂತ ಮೊದ್ಲ ಕೇಳಿದ್ದೆ. ಈಗ ಕೇಳಿದ್ದ ಗುನ್ಹಾ ಆತು ನೋಡ್ರಿ.”

ಸಂಶೋಧಕಿ ನಕ್ಕಳು. ಅಷ್ಟು ದಿನಗಳಲ್ಲಿ ಆಕೆ ನಕ್ಕದ್ದು ಅದೇ ಮೊದಲು. ತಪ್ಪು ನಿಮ್ಮದಲ್ಲ ಭಾಯಿ, ಕೇಳುವವರ ಕೈಗೆ ಉತ್ತರ ಕೊಡುವ ಮೊದಲು ಸುಳ್ಳು ಕೊಟ್ಟ ನಮ್ಮದು ಎಂದಳು. ಆತ ಕೈ ಒರೆಸಿಕೊಂಡು ಅಲ್ಲಿಯೇ ತಮ್ಮನಿಗೆ ದನಿಸಂದೇಶ ಮಾಡಿದ. ನಾನು ಕೇಳಿದ್ದು ಮಾತ್ರ, ಹೇಳಿದ್ದಲ್ಲ, ಅದು ಸುಳ್ಳು, ಬರೆದವರೇ ನನ್ನ ಮುಂದೆ ಕೂತಿದ್ದಾರೆ ಎಂದು ದಖ್ಖನಿಯಲ್ಲಿ, ಪಕ್ಕದ ಗಾಳಾದ ವೆಲ್ಡಿಂಗಿನ ಸದ್ದಿನ ನಡುವೆ. ತಮ್ಮ ಅದಕ್ಕೆ ತನ್ನ ದನಿ ಸೇರಿಸಿ ಬಿಲ್ಡಿಂಗಿನ ಗುಂಪಿಗೆ ಹಾಕಿದ. ಅಂಗಡಿಯ ಮುಂದೆ ಸಂಶೋಧಕಿ ಅವನ ಪಕ್ಕದಲ್ಲಿ ನಿಂತು ಮೊದಲು ಮಾತಾಡಿದಳು, ಕೊಟ್ಟ ಮಾತಿನಂತೆ. ಎಮರ್ಜೆನ್ಸಿ ಲೈಟ್ ವಾಪಸ್ ತರುವವರಿಗೆ ಬೇರೆ ಸಾಮಾನು ಕೊಡುತ್ತೇನೆ ಎಂದು ಆತನೇ ಘೋಷಿಸಿದ. ಒಂದಿಬ್ಬರು ತಂದರು. ಉಳಿದವರು, ಮಳೆಗಾಲ ಬರುತ್ತದಲ್ಲ, ಇರಲಿ ಎಂದರು.

ಹೀಗೆ ನಾವು ಕಾಂದಿವಲಿ, ದಹಿಸರ್ ನಡುವೆ ಓಡಾಡಿದೆವು. ಬಹಳ ಜನ ಒಳಗೆ ಕರೆದರು. ಕೆಲವರು ಬಾಗಿಲು ಹಾಕಿಕೊಂಡರು. ಪ್ರತಿ ಮನೆಯಲ್ಲೂ ಸಂಶೋಧಕಿ ಅದೇ ಮೂರು ಮಾತುಗಳಿಂದ ಶುರುಮಾಡುತ್ತಿದ್ದಳು: ನಾನು ಬರೆದೆ, ಸುಳ್ಳು ಇದೆ, ಹೊರಗೆ ಹೋಯಿತು. ನಾಲ್ಕೈದು ಮನೆಗಳ ನಂತರ ಮಾತು ಸಲೀಸಾಗಿ, ಒಪ್ಪಿಸಿದಂತೆ ಆಗಬಹುದು ಎಂದು ನನಗೆ ಅಂಜಿಕೆಯಿತ್ತು. ವಾರ್ಡಿನಲ್ಲಿ ಹಾಗಾಗುವುದನ್ನು ಕಂಡಿದ್ದೇನೆ. ಕೊನೆಯ ಮನೆಯಲ್ಲೂ ಆಕೆಗೆ ಅದು ಮೊದಲ ಸಲದಷ್ಟೇ ಕಷ್ಟವಾಯಿತು. ಅವಳ ಕನ್ನಡ ಮಾತ್ರ ದಿನದಿನಕ್ಕೆ ಸುಧಾರಿಸಿತು.

ಚಾಳಿನ ಗೇಟು ತೆರೆಸಿದ್ದು ಎಸಿ ಮೆಕ್ಯಾನಿಕ್. ಸೆಕ್ರೆಟರಿಯ ಮನೆಯ ಎಸಿಯನ್ನು ನೋಡಿಕೊಳ್ಳುವವನು ಆತನೇ. ಒಂದು ಸಂಜೆ ಅಂಗಳದಲ್ಲಿ ಎಲ್ಲರನ್ನೂ ಕೂಡಿಸಿದರು. ಮೂಲೆ ಮನೆಯಾಕೆ ಕೆಳಗೆ ಬರಲಿಲ್ಲ, ಮಹಡಿಯ ಗ್ಯಾಲರಿಯ ಕಟಾಂಜನ ಹಿಡಿದು ನಿಂತಿದ್ದಳು. ಸಂಶೋಧಕಿ ಮೈಕು ಬೇಡವೆಂದಳು. ನಡೆದದ್ದನ್ನು ಕ್ರಮವಾಗಿ ಹೇಳಿದಳು. ಅಣ್ಣತಮ್ಮಂದಿರ ವಿಷಯ ಬಂದಾಗ, ಇವರಿಬ್ಬರೂ ಕೇಳಬೇಕಾದ ರೀತಿಯಲ್ಲೇ ಕೇಳಿದರು ಎಂದು ಒತ್ತಿ ಹೇಳಿದಳು. ಈ ಚಾಳಿನಲ್ಲಿ ತೆಗೆದುಕೊಂಡ ಎಲ್ಲ ಉತ್ತರಗಳನ್ನೂ ಅಧ್ಯಯನದಿಂದ ತೆಗೆದುಹಾಕುತ್ತೇನೆ ಎಂದಳು. ಜನ ಸಿಟ್ಟಾದರು. ನಮ್ಮನ್ನು ಪ್ರಯೋಗದ ಇಲಿ ಮಾಡಿಕೊಂಡಿರಿ ಎಂದು ಮುದುಕರೊಬ್ಬರು ಬೈದರು. ಅಂಥ ಬಿಲ್ಡಿಂಗುಗಳಲ್ಲಿ ಮಾಡಿ ನೋಡಿ, ಅಲ್ಲಿ ವಾಚ್‌ಮನ್ ಬಿಡುವುದಿಲ್ಲ ಎಂದು ಎದುರಿನ ಬಹುಮಹಡಿ ಕಟ್ಟಡದ ಕಡೆ ಬೆರಳು ಮಾಡಿದಳು ಇನ್ನೊಬ್ಬಾಕೆ. ಸಂಶೋಧಕಿ ಎಲ್ಲವನ್ನೂ ನಿಂತು ಕೇಳಿದಳು. ನಾನು ಮಧ್ಯೆ ಬಾಯಿ ಹಾಕಲಿಲ್ಲ, ಹಾಕಬಾರದೆಂದು ಮೊದಲೇ ಹೇಳಿಸಿಕೊಂಡಿದ್ದೆ.

ಕೊನೆಗೆ ಸೆಕ್ರೆಟರಿ, ನಿಮ್ಮ ಕೆಲಸದ ಗತಿ ಏನು ಎಂದು ಕೇಳಿದರು. ಸಮಿತಿ ತೀರ್ಮಾನ ಮಾಡುತ್ತದೆ ಎಂದಳು.

ಸಮಿತಿಯ ಉತ್ತರ ಬರುವಷ್ಟರಲ್ಲಿ ಮೊದಲ ಮಳೆ ಬಿದ್ದಿತ್ತು. ಹಳೆಯ ವಿಧಾನ ಸಂಪೂರ್ಣ ಬಂದ್. ಆದರೆ ಸಂಶೋಧಕಿ ತನ್ನ ಪತ್ರದಲ್ಲೇ ಬೇರೊಂದು ವಿಧಾನವನ್ನು ಮುಂದಿಟ್ಟಿದ್ದಳು. ನಾವು ಏನನ್ನೂ ಕಟ್ಟಿ ತೋರಿಸುವುದಿಲ್ಲ. ಜನರ ಫೋನಿಗೆ ಈಗಾಗಲೇ ಬಂದಿರುವ ಸಂದೇಶಗಳನ್ನು ಅವರೇ ನಮಗೆ ತೋರಿಸಲಿ, ಅದನ್ನು ಕಂಡಾಗ ಅವರು ಯಾರನ್ನು ಕೇಳಿದರು, ಪ್ರಶ್ನೆ ಎಲ್ಲಿ ಕಳಚಿಹೋಯಿತು ಎಂದು ನಾವು ಹುಡುಕುತ್ತೇವೆ. ಸಮಿತಿ ಒಪ್ಪಿತು. ಪ್ರಾಧ್ಯಾಪಕರು ಸ್ವಲ್ಪ ಅವಧಿ ಹೆಚ್ಚಿಸಿಕೊಟ್ಟರು. ಅಷ್ಟರಲ್ಲಿ ಸಾಕಷ್ಟು ಮನೆಗಳು ಒಪ್ಪದಿದ್ದರೆ ವರದಿಯೂ ಇಲ್ಲ, ಹುದ್ದೆಯೂ ಇಲ್ಲ. ಒಂದು ಷರತ್ತಿತ್ತು: ಕಾಂದಿವಲಿಯ ಚಾಳಿನಿಂದಲೇ ಶುರುಮಾಡಬೇಕು, ಪ್ರತಿ ಮನೆಯ ಹೊಸ ಒಪ್ಪಿಗೆ ಬೇಕು. ಸೆಕ್ರೆಟರಿ ಅದಕ್ಕೆ ತಮ್ಮದೊಂದು ಮಾತು ಸೇರಿಸಿದರು. ಮೂಲೆ ಮನೆಯಾಕೆ ಹೂಂ ಎಂದರೆ ಉಳಿದವರನ್ನು ಕೇಳಿ, ಇಲ್ಲವಾದರೆ ಬೇಡ.

ಹಾಗಾಗಿ ಮತ್ತೆ ಅದೇ ಮಹಡಿ ಹತ್ತಿದೆವು. ಯಜಮಾನರು ನಳಿಕೆ ಹಾಕಿಕೊಂಡು ಗೋಡೆಗೊರಗಿ ಟೀವಿ ನೋಡುತ್ತಿದ್ದರು. ಫ್ಯಾನ್ ತಿರುಗುತ್ತಿತ್ತು. ಮನೆಯಾಕೆ ಹೊಸ್ತಿಲಲ್ಲೇ ನಿಂತು ಸಂಶೋಧಕಿಯ ಮಾತನ್ನು ಪೂರ್ತಿ ಕೇಳಿದಳು. ಒಳಗೆ ಕರೆಯಲಿಲ್ಲ. ಸೊಂಟದಿಂದ ಫೋನ್ ತೆಗೆದಳು.

“ನಿನ್ನೆ ಇದು ಬಂದದ. ಆಕ್ಸಿಜನ್ ಮಷಿನ್ ಇದ್ದ ಮನಿಗೆ ಕರೆಂಟ್ ಬಿಲ್ಲಿನ್ಯಾಗ ಸವಲತ್ತು ಅದ, ಆಸ್ಪತ್ರಿ ಕಾಗದ ಕೊಡ್ರಿ ಅಂತ. ಇದು ಖರೆನೋ ಸುಳ್ಳೋ? ಮೊದ್ಲ ನೀವು ಹೇಳ್ರಿ.”

ಸಂಶೋಧಕಿ ಓದಿದಳು. ಕಳಿಸಿದವರ ಹೆಸರು ನೋಡಿದಳು. ಮತ್ತೊಮ್ಮೆ ಓದಿದಳು. ಆ ಹೊತ್ತಿನಲ್ಲಿ ಒಂದು ಉತ್ತರ, ಯಾವುದೇ ಉತ್ತರ, ಬಹಳ ಉಪಯೋಗಕ್ಕೆ ಬರುತ್ತಿತ್ತು.

“ಗೊತ್ತಿಲ್ಲ ಮಾವಶಿ,” ಎಂದಳು.

“ಇಷ್ಟು ಕಲ್ತು ಗೊತ್ತಿಲ್ಲ ಅಂತೀರಿ?”

“ಗೊತ್ತಿಲ್ಲ. ಕೇಳಿ ನೋಡ್ಬೇಕು.”

ಮನೆಯಾಕೆ ಫೋನ್ ವಾಪಸ್ ತೆಗೆದುಕೊಂಡು ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಒದ್ದೆಯಾದ ಸಲ್ವಾರಿನ ಅಂಚು, ಕೆಸರು ಮೆತ್ತಿದ ಚಪ್ಪಲಿ. ಆಮೇಲೆ ಬಾಗಿಲಿನಿಂದ ಸರಿದು, ಮಷಿನ್ನಿನ ಪಕ್ಕದ ಚಾಪೆಯನ್ನು ಕಾಲಿನಿಂದ ಬಿಡಿಸಿದಳು.

“ಹಂಗಾರ ಒಳಗ ಬಾ ಯವ್ವಾ. ಇಬ್ರೂ ಕೂಡಿ ಕೇಳೋಣು.”

ಸಂಶೋಧಕಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತಳು. ಕರೆಂಟ್ ಕಂಪನಿಯ ನಂಬರು ಬಿಲ್ಲಿನ ಹಿಂದೆ ಇರುತ್ತದೆ ಎಂದು ಮನೆಯಾಕೆಯೇ ಹುಡುಕಿ ತೆಗೆದಳು. ಕ್ರಮದ ಪ್ರಕಾರ ಒಪ್ಪಿಗೆಯ ಸಹಿ ಮೊದಲು ಆಗಬೇಕು. ಆ ಕಾಗದವನ್ನು ಚೀಲದಿಂದ ಹೊರತೆಗೆಯಲು ನಾನು ಅವಸರ ಮಾಡಲಿಲ್ಲ.